ರಕ್ತಕಣಗಳ ಸುತ್ತ ಒಂದು ಬೇಲಿ

ಇತ್ತೀಚೆಗೆ ಒಬ್ಬರು ಎರಡು ರಿಪೋರ್ಟು ಹಿಡಿದು ನನ್ನ ಕ್ಲಿನಿಕ್ಕಿಗೆ ಬಂದರು. ಎಚ್‌ಐವಿ ಸೋಂಕಿಗೆ ವರ್ಷಗಳಿಂದ ತಪ್ಪದೆ ಮಾತ್ರೆ ಸೇವಿಸುತ್ತಿರುವವರು. ಒಂದರಲ್ಲಿ ಸಿಡಿ4 ಕಣಗಳ ಸಂಖ್ಯೆ 560. ವಾರದ ನಂತರ ಬೇರೊಂದು ಲ್ಯಾಬಿನಲ್ಲಿ ಮಾಡಿಸಿದ್ದರಲ್ಲಿ 490. "ಮಾತ್ರೆ ನಾಟುತ್ತಿಲ್ಲ ಡಾಕ್ಟ್ರೇ, ನಿಲ್ಲಿಸಿಬಿಡಲೇ?" ಎಂದರು.

ಈ ಸಂಖ್ಯೆ ಬರುವ ಬಗೆಯನ್ನು ನೀವೂ ತಿಳಿದಿದ್ದರೆ ಒಳ್ಳೆಯದು. ಫ್ಲೋ ಸೈಟೋಮೀಟರ್ ಎಂಬ ಯಂತ್ರದಲ್ಲಿ ರಕ್ತಕಣಗಳು ಒಂದರ ಹಿಂದೊಂದು ಲೇಸರ್ ಕಿರಣವನ್ನು ಹಾದುಹೋಗುತ್ತವೆ. ಚದುರಿದ ಬೆಳಕು ಕಣದ ಗಾತ್ರ ಮತ್ತು ಒಳರಚನೆಯನ್ನು ತಿಳಿಸುತ್ತದೆ. ಸಿಡಿ4 ಗುರುತುಳ್ಳ ಕಣಗಳಿಗೆ ಮೊದಲೇ ಹೊಳೆಯುವ ಬಣ್ಣ ಅಂಟಿಸಿರುತ್ತಾರೆ. ಕಂಪ್ಯೂಟರ್ ಪರದೆಯ ಮೇಲೆ ಪ್ರತಿ ಕಣವೂ ಒಂದು ಚುಕ್ಕೆ. ಇಂಥ ಸಾವಿರಾರು ಚುಕ್ಕೆಗಳು, ರಂಗೋಲಿ ಪುಡಿ ಚೆಲ್ಲಿದಂತೆ, ಅಲ್ಲಲ್ಲಿ ಗುಂಪುಗೂಡಿರುತ್ತವೆ.

ನಮಗೆ ಬೇಕಾದ ಲಿಂಫೋಸೈಟ್ ಗುಂಪಿನ ಸುತ್ತ ತಂತ್ರಜ್ಞರು ಮೂಲೆಮೂಲೆಗೆ ಗುರುತಿಟ್ಟು ಬಹುಭುಜಾಕೃತಿಯ ಬೇಲಿ ಎಳೆಯುತ್ತಾರೆ. ಇದಕ್ಕೆ 'ಗೇಟ್' ಎಂದು ಹೆಸರು. ಯಾವ ಚುಕ್ಕೆ ಒಳಗೆ, ಯಾವುದು ಹೊರಗೆ ಎಂದು ನಿರ್ಧರಿಸುವುದು ಕಂಪ್ಯೂಟರಿನ ಪ್ರೋಗ್ರಾಮು. ಅದರ ಒಂದು ಉಪಾಯ ಬಲು ಸರಳ. ಚುಕ್ಕೆಯಿಂದ ಒಂದೇ ದಿಕ್ಕಿಗೆ ನೇರ ಗೆರೆ ಎಳೆಯಿರಿ. ಅದು ಬೇಲಿಯನ್ನು ಬೆಸಸಂಖ್ಯೆಯಷ್ಟು ಸಲ ದಾಟಿದರೆ ಚುಕ್ಕೆ ಒಳಗಿದೆ, ಸಮಸಂಖ್ಯೆಯಾದರೆ ಹೊರಗಿದೆ. ಬೇಲಿ ಎಷ್ಟೇ ಸೊಟ್ಟಗಿರಲಿ, ಲೆಕ್ಕ ತಪ್ಪದು. ರೇಖಾಗಣಿತಕ್ಕೆ ಹೆದರುತ್ತಿದ್ದ ನನಗೂ ಇದು ಅರ್ಥವಾಯಿತು!

ಕಂಪ್ಯೂಟರ್ ಎಣಿಸುವುದರಲ್ಲಿ ತಪ್ಪುವುದಿಲ್ಲ. ಪ್ರಶ್ನೆ ಇರುವುದು ಬೇಲಿಯಲ್ಲಿ. ಸಡಿಲವಾಗಿ ಎಳೆದರೆ ನೆರೆಯ ಮಾನೋಸೈಟ್‌ಗಳೂ ನುಸುಳುತ್ತವೆ. ಅವುಗಳ ಮೇಲೂ ಮಂದವಾಗಿ ಸಿಡಿ4 ಗುರುತು ಇರುತ್ತದೆ. ಬಿಗಿಯಾಗಿ ಎಳೆದರೆ ಬೇಕಾದ ಕಣಗಳೇ ಹೊರಗುಳಿಯುತ್ತವೆ. ಈಗ ಅನೇಕ ಯಂತ್ರಗಳು ತಾವೇ ಬೇಲಿ ಹಾಕುತ್ತವೆ, ಆದರೂ ಅನುಭವಿ ಕಣ್ಣೊಂದು ಅದನ್ನು ನೋಡಲೇಬೇಕು.

ಇದರ ಜೊತೆಗೆ, ಬೆಳಿಗ್ಗೆಗೂ ಸಂಜೆಗೂ ಅದೇ ವ್ಯಕ್ತಿಯ ಸಂಖ್ಯೆ ಬದಲಾಗುತ್ತದೆ. ನೆಗಡಿ, ಜ್ವರ ಬಂದರೂ ಇಳಿಯಬಹುದು. ಆದ್ದರಿಂದ ಪ್ರತಿ ಸಲವೂ ಒಂದೇ ಲ್ಯಾಬಿನಲ್ಲಿ, ಸರಿಸುಮಾರು ಅದೇ ಹೊತ್ತಿಗೆ ಪರೀಕ್ಷೆ ಮಾಡಿಸಿ. ಹಳೆಯ ರಿಪೋರ್ಟುಗಳನ್ನು ಜೋಪಾನವಾಗಿಡಿ. ಸಂಖ್ಯೆ ಸತತವಾಗಿ ಇಳಿಯುತ್ತಿದ್ದರೆ ಅಥವಾ 200ಕ್ಕಿಂತ ಕಡಿಮೆಯಾದರೆ ತಡಮಾಡದೆ ವೈದ್ಯರನ್ನು ಕಾಣಿರಿ. ಮಾತ್ರೆಯನ್ನಂತೂ ನೀವಾಗಿ ನಿಲ್ಲಿಸಲೇಬೇಡಿ. ಸಿಡಿ4 ಎಷ್ಟೇ ಇರಲಿ, ಸೋಂಕಿರುವ ಎಲ್ಲರಿಗೂ ಚಿಕಿತ್ಸೆ ಎಂಬುದು 2017ರಿಂದ ನಮ್ಮ ದೇಶದ ನೀತಿ. ಔಷಧದ ಫಲ ಅಳೆಯಲು ವೈರಲ್ ಲೋಡ್ ಪರೀಕ್ಷೆಯೇ ಹೆಚ್ಚು ನಂಬಿಕೆಯದು.

ಆ ರೋಗಿಗೂ ಅದನ್ನೇ ಮಾಡಿಸಲು ಹೇಳಿದೆ. ವೈರಸ್ಸು ಪತ್ತೆಯಾಗದಷ್ಟು ಕಡಿಮೆ ಇತ್ತು.