ಹೂವಿಗೊಂದು ಕಾಲ, ಗಿಡಕ್ಕೊಂದು ಕಾಲ

ಬೀಜದ ಪೊಟ್ಟಣಗಳ ಬೆನ್ನಿನಲ್ಲಿ, ತೋಟಗಾರಿಕೆಯ ವಿಡಿಯೋಗಳಲ್ಲಿ ‘ವಸಂತದಲ್ಲಿ ಬಿತ್ತಿ’ ಎಂಬ ಸಲಹೆ ಧಾರಾಳವಾಗಿ ಸಿಗುತ್ತದೆ. ಇಂಗ್ಲೆಂಡಿನವರಿಗೆ ಅದು ಸರಿ. ಅಲ್ಲಿ ಹಿಮ ಕರಗಿ ಮಣ್ಣು ಬೆಚ್ಚಗಾಗುವ ಮಾರ್ಚ್, ಏಪ್ರಿಲ್‌ನಲ್ಲೇ ಹೂವೂ ಅರಳುತ್ತದೆ, ಬಿತ್ತನೆಯೂ ಶುರುವಾಗುತ್ತದೆ. ಅದೇ ಮಾತು ನಂಬಿ ಕಾರವಾರದಲ್ಲೋ ಅಂಕೋಲೆಯಲ್ಲೋ ಮಾರ್ಚ್‌ನಲ್ಲಿ ಸಸಿ ಊರಿದವರು ಮೇ ಮುಗಿಯುವವರೆಗೆ ಬಾವಿಯಿಂದ ನೀರು ಹೊರಬೇಕು. ಅಷ್ಟು ಮಾಡಿ ಉಳಿಸಿಕೊಂಡ ಎಳೆಯ ಗಿಡ ಜೂನ್ ಮಳೆಗೆ ಬೇರು ಕೊಳೆತು ಮಲಗುವುದೂ ಉಂಟು. ನಮ್ಮ ಕರಾವಳಿಯಲ್ಲಿ ಹೂ ನೋಡುವ ಕಾಲವೇ ಬೇರೆ, ಗಿಡ ನೆಡುವ ಕಾಲವೇ ಬೇರೆ. ನಡುವೆ ಮೂರು ನಾಲ್ಕು ತಿಂಗಳ ಅಂತರ. ಯಾವ ಗಿಡ ಎಂದು ಹೂ ಬಿಟ್ಟಿತು ಎಂಬುದು ಅಷ್ಟರಲ್ಲಿ ಮರೆತುಹೋಗುತ್ತದೆ. ಹಿತ್ತಿಲಿಗೊಂದು ನೋಟುಪುಸ್ತಕ ಬೇಕು ಎನ್ನುವುದು ಅದಕ್ಕೇ.

ಚಳಿ ಕಳೆದು ಬಿಸಿಲು ಏರುವುದೇ ವಸಂತ ಎಂದು ಶಾಲೆಯಲ್ಲಿ ಓದಿದ್ದೇವೆ. ಕಾರವಾರಕ್ಕೆ ಈ ಲೆಕ್ಕ ಹೊಂದುವುದಿಲ್ಲ. ಜನವರಿಯ ಮಧ್ಯಾಹ್ನಕ್ಕೂ ಮೇ ತಿಂಗಳ ಮಧ್ಯಾಹ್ನಕ್ಕೂ ಇಲ್ಲಿ ಸರಾಸರಿ ಉಷ್ಣತೆಯಲ್ಲಿ ಒಂದೆರಡು ಡಿಗ್ರಿಯಷ್ಟೇ ವ್ಯತ್ಯಾಸ. ಪಕ್ಕದ ಸಮುದ್ರ ಎರಡನ್ನೂ ಹೆಚ್ಚು ಅಲುಗಲು ಬಿಡುವುದಿಲ್ಲ. ಬದಲಾಗುವುದು ರಾತ್ರಿಯ ತಂಪು, ಗಾಳಿಯ ತೇವ ಮತ್ತು ಮಣ್ಣಿನ ನೀರು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನ ಆಸುಪಾಸು ಸುರಿಯುವ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಮುಗಿದುಹೋಗುತ್ತದೆ. ಡಿಸೆಂಬರಿನಿಂದ ಮುಂದೆ ಮಣ್ಣು ಒಣಗುತ್ತಲೇ ಹೋಗುತ್ತದೆ. ನಮ್ಮಲ್ಲಿ ವಸಂತವನ್ನು ತರುವುದು ಬಿಸಿಲಿಗಿಂತ ಹೆಚ್ಚಾಗಿ ಈ ಒಣಗುವಿಕೆ.

ನೀರು ಕಡಿಮೆಯಾದಾಗ ಗಿಡ ಎಲೆ ಬೆಳೆಸುವುದನ್ನು ನಿಧಾನಿಸುತ್ತದೆ. ಮಳೆಗಾಲದಲ್ಲೂ ಆಮೇಲಿನ ಒಳ್ಳೆಯ ಬಿಸಿಲಿನಲ್ಲೂ ಕೂಡಿಟ್ಟ ಸಕ್ಕರೆ, ಪಿಷ್ಟ ಆಗ ಮೊಗ್ಗಿನ ಕಡೆ ತಿರುಗಬಹುದು. ಇನ್ನೊಂದು ಲಾಭವೂ ಇದೆ: ಜುಲೈನಲ್ಲಿ ಅರಳಿದ ಹೂವಿನ ಪರಾಗ ತೊಳೆದುಹೋಗುತ್ತದೆ, ಜೇನು ಗೂಡು ಬಿಟ್ಟು ಹೊರಡುವುದಿಲ್ಲ. ಒಣ ತಿಂಗಳಲ್ಲಿ ಅರಳಿ, ಮಳೆ ಬೀಳುವ ಹೊತ್ತಿಗೆ ಬೀಜ ಉದುರಿಸುವ ಮರದ ಸಂತಾನ ಸುಲಭವಾಗಿ ಮೊಳೆಯುತ್ತದೆ. ಮುತ್ತುಗದ ಬೇಸಿಗೆಯ ಹೂವಿಗೆ ಹೀಗೊಂದು ಅರ್ಥವಿದೆ.

ಅಂಕೋಲೆ, ಕುಮಟೆ ಕಡೆಯವರಿಗೆ ಇದರ ಒಳ್ಳೆಯ ಗುರುತು ಸುರಗಿ. ನಿತ್ಯಹಸಿರಿನ ಈ ಮರದ ಹಳೆಯ ಹೆರೆಗಳ ಮೇಲೆ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಮೊಗ್ಗು ಗೊಂಚಲಾಗಿ ಕೂರುತ್ತದೆ. ಬಿಸಿಲೇರಿದರೆ ಅರಳಿಬಿಡುತ್ತದೆ. ಹಾಗಾಗಿ ಬೆಳಕು ಹರಿಯುತ್ತಿದ್ದಂತೆ ಮೊಗ್ಗು ಕೊಯ್ದು ದಂಡೆ ಕಟ್ಟಬೇಕು. ಒಣಗಿದ ಮೇಲೂ ಪರಿಮಳ ಬಿಡದ ಹೂವಿದು. ಸೀರೆಯ ಮಡಿಕೆಯಲ್ಲಿ ತಿಂಗಳುಗಟ್ಟಲೆ ಇಡುವವರಿದ್ದಾರೆ. ಹಿತ್ತಿಲ ಮೂಲೆಯಲ್ಲೊಂದು ಸುರಗಿ ಇದ್ದವರು ಅದರ ಮೊದಲ ಮೊಗ್ಗಿನ ದಿನವನ್ನು ಬರೆದಿಟ್ಟರೆ ಸಾಕು. ಮಿಕ್ಕ ಗಿಡಗಳನ್ನು ಅದರ ಹಿಂದೆ, ಮುಂದೆ ಎಂದು ಜೋಡಿಸಿಕೊಂಡು ಹೋಗಬಹುದು.

ಮಾವಿನದು ಸ್ವಲ್ಪ ಬೇರೆ ದಾರಿ. ಅದಕ್ಕೆ ರಾತ್ರಿಯ ತಂಪು ಮುಖ್ಯ. ಚಳಿ ತಡವಾದರೆ ಹೂವೂ ತಡ, ನಡುವೆ ಮೋಡ ಕವಿದರೆ ಹೂವಿಗೆ ಬೂದಿ ರೋಗ. 2023ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಅಂಕೋಲೆಯ ಕರಿ ಇಶಾಡಿಗೂ ಈ ನಿಯಮದಿಂದ ವಿನಾಯಿತಿ ಇಲ್ಲ.

ಮಲ್ಲಿಗೆಯ ವಿಷಯದಲ್ಲಿ ಮನುಷ್ಯ ಕೈ ಹಾಕಿ ವಸಂತವನ್ನು ಕರೆಯಬಲ್ಲ. ಮಲ್ಲಿಗೆಯ ಹೂ ಬರುವುದು ಹೊಸ ಚಿಗುರಿನಲ್ಲಿ. ಚಿಗುರಿನ ತುದಿ ಇರುವಷ್ಟು ಕಾಲ ಅಲ್ಲಿ ಹುಟ್ಟುವ ಆಕ್ಸಿನ್ ಎಂಬ ರಸಾಯನ ಕೆಳಗಿನ ಕಣ್ಣುಗಳನ್ನು ಮೇಲೇಳಲು ಬಿಡುವುದಿಲ್ಲ. ತುದಿ ಕತ್ತರಿಸಿದರೆ ಆ ಹಿಡಿತ ಸಡಿಲಿ ಒಂದು ಹೆರೆಯ ಜಾಗದಲ್ಲಿ ಎರಡು ಮೂರು ಚಿಗುರು ಒಡೆಯುತ್ತವೆ. ಬೆಳೆಗಾರರು ಚಳಿಗಾಲದಲ್ಲಿ ನೀರು ಹಿಡಿದು, ಎಲೆ ಉದುರಿಸಿ, ಹೆರೆ ಸವರಿ, ಆಮೇಲೆ ಗೊಬ್ಬರ, ನೀರು ಕೊಡುವುದರ ಹಿಂದಿನ ವಿಜ್ಞಾನ ಇಷ್ಟೇ. ಮನೆಯ ನಾಲ್ಕು ಗಿಡಕ್ಕೂ ಇದೇ ಸಾಕು. ಆದರೆ ಕಡಲಂಚಿನ ಉಸುಕು ಬೇಗ ಒಣಗುತ್ತದೆ, ಒಳಗಿನ ಕೆಂಪು ಮಣ್ಣು ತಡವಾಗಿ. ಆದ್ದರಿಂದ ಹೆರೆ ಸವರುವ ತಾರೀಕನ್ನು ಉಡುಪಿಯವರ ಪುಸ್ತಕದಿಂದ ಎತ್ತಿಕೊಳ್ಳುವುದಕ್ಕಿಂತ ನಿಮ್ಮ ಗಿಡದ ಹೋದ ವರ್ಷದ ಲೆಕ್ಕದಿಂದ ತೆಗೆಯುವುದು ಒಳ್ಳೆಯದು.

ನೀರಿನ ಮಾತು ಕೇಳದ ಗಿಡಗಳೂ ಇವೆ. ಸೇವಂತಿಗೆ ಎಣಿಸುವುದು ಕತ್ತಲನ್ನು. 1920ರಲ್ಲಿ ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ಎಂಬ ವಿಜ್ಞಾನಿಗಳು, ಬೇಸಿಗೆಯಿಡೀ ಎತ್ತರಕ್ಕೆ ಬೆಳೆದರೂ ಹೂ ಬಿಡದ ಒಂದು ತಂಬಾಕಿನ ತಳಿ ಹಗಲು ಚಿಕ್ಕದಾದರೆ ಮಾತ್ರ ಹೂ ಬಿಡುತ್ತದೆಂದು ತೋರಿಸಿದರು. 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಇನ್ನೊಂದು ಹೆಜ್ಜೆ ಮುಂದೆ ಹೋದರು: ಇಂಥ ಗಿಡಗಳಿಗೆ ಬೇಕಾದದ್ದು ಚಿಕ್ಕ ಹಗಲಲ್ಲ, ಎಡೆಬಿಡದ ಉದ್ದ ಕತ್ತಲು, ನಡುರಾತ್ರಿ ಸ್ವಲ್ಪ ಹೊತ್ತು ದೀಪ ಹಚ್ಚಿದರೂ ಲೆಕ್ಕ ತಪ್ಪುತ್ತದೆ. ಕಾರವಾರದಲ್ಲಿ ವರ್ಷದ ಅತಿ ಉದ್ದದ ಹಗಲು ಸುಮಾರು 13 ಗಂಟೆ, ಅತಿ ಚಿಕ್ಕದು ಸುಮಾರು ಹನ್ನೊಂದೂಕಾಲು ಗಂಟೆ. ನಮ್ಮ ಕಣ್ಣಿಗೆ ಬೀಳದಷ್ಟು ನಿಧಾನವಾಗಿ ಆಗುವ ಈ ಬದಲಾವಣೆಯನ್ನು ಎಲೆ ಅಳೆಯುತ್ತದೆ. ಎಲೆಯಲ್ಲಿ ತಯಾರಾದ ಪ್ರೋಟೀನು ಚಿಗುರಿನ ತುದಿಗೆ ಹರಿದು ‘ಇನ್ನು ಎಲೆ ಸಾಕು, ಮೊಗ್ಗು ಕಟ್ಟು’ ಎಂದು ಹೇಳುತ್ತದೆ.

ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರದ ಕಡೆ ರಾತ್ರಿ ಸೇವಂತಿಗೆ ಹೊಲಗಳಲ್ಲಿ ಬಲ್ಬು ಉರಿಯುವುದನ್ನು ನೋಡಿದವರಿರಬಹುದು. ಬೇಡದ ಹೊತ್ತಿನಲ್ಲಿ ಹೂ ಬರದಂತೆ ಗಿಡವನ್ನು ಯಾಮಾರಿಸುವ ಉಪಾಯ ಅದು. ಅದನ್ನೇ ಬೀದಿದೀಪ ನಮಗೆ ಗೊತ್ತಿಲ್ಲದೆ ಮಾಡುತ್ತಿರಬಹುದು. ಹೆದ್ದಾರಿ 66 ಅಗಲವಾಗಿ, ದೀಪದ ಕಂಬಗಳು ಮನೆಯ ಹತ್ತಿರಕ್ಕೆ ಬಂದಿವೆ. ರಸ್ತೆಯ ಕಡೆಯ ಕುಂಡದಲ್ಲಿ ಸೇವಂತಿಗೆ ಬರೀ ಎಲೆ ಹೊತ್ತು ನಿಂತಿದ್ದರೆ ಗೊಬ್ಬರದಂಗಡಿಗೆ ಓಡುವ ಮೊದಲು ಕುಂಡವನ್ನು ಮನೆಯ ಹಿಂಬದಿಯ ಕತ್ತಲಿಗೆ ಒಯ್ದು ನೋಡಿ. ಖರ್ಚಿಲ್ಲದ ಪ್ರಯೋಗ.

ಮಳೆಗಾಗಿಯೇ ಕಾದಿರುವವು ಬೇರೆ. ಬೇಸಿಗೆಯಿಡೀ ಮಣ್ಣೊಳಗೆ ಗಡ್ಡೆಯಾಗಿ ಮಲಗಿದ್ದ ಮಳೆ ಲಿಲ್ಲಿ ಮೊದಲ ಅಡ್ಡಮಳೆ ಬಿದ್ದ ಕೆಲವೇ ದಿನಕ್ಕೆ ಎದ್ದು ನಿಲ್ಲುತ್ತದೆ. ಇದಕ್ಕಿಂತ ಸೊಗಸು ಅಬ್ಬಲಿಗೆಯದು. ನಮ್ಮ ಕಡೆಯ ಹೆಂಗಸರ ತುರುಬಿನಿಂದ ಎಂದೂ ದೂರವಾಗದ ಈ ಹೂವಿಗೆ ಪರಿಮಳವಿಲ್ಲ, ಆದರೆ ದಂಡೆ ಬೇಗ ಬಾಡುವುದಿಲ್ಲ. ತೆನೆಯಲ್ಲಿ ಹೂ ಉದುರಿದ ಮೇಲೆ ಉಳಿಯುವ ಒಣ ಕಾಯಿಯನ್ನು ನೀರಿಗೆ ಹಾಕಿ ನೋಡಿ: ಚಟ್ಟೆಂದು ಸಿಡಿದು ಬೀಜ ಎಗರುತ್ತದೆ. ಒಣಗಿದಾಗ ಬಾಯಿ ಮುಚ್ಚಿಕೊಂಡು, ನೆನೆದಾಗ ಸಿಡಿಯುವ ಈ ಏರ್ಪಾಡಿನಿಂದ ಬೀಜ ಮಣ್ಣಿಗೆ ಬೀಳುವುದು ತೇವ ಇರುವಾಗಲೇ. ಬೀಜ ಬೇಕಾದವರು ಮೇ ಮುಗಿಯುವ ಮೊದಲೇ ಕಾಯಿ ಕೊಯ್ದಿಡಬೇಕು. ಮೊದಲ ಮಳೆಯ ಮರುದಿನ ಹೋದರೆ ಖಾಲಿ ಸಿಪ್ಪೆ ಸಿಗುತ್ತದೆ. ಈಗ ಹೆಚ್ಚು ಬೆಳೆಯುವ ‘ಡೆಲ್ಲಿ’ ತಳಿಗೆ ಬೀಜವೇ ಆಗುವುದಿಲ್ಲ. ಅದಕ್ಕೆ ಕಡ್ಡಿ ಊರುವುದೊಂದೇ ದಾರಿ.

ಬೀಜದ ಕಾಲ ತಿಳಿದಿರುವುದು ಎಷ್ಟು ದೊಡ್ಡ ವಿದ್ಯೆ ಎಂಬುದಕ್ಕೆ ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರು ಸಾಕ್ಷಿ. ಹಾಲಕ್ಕಿ ಒಕ್ಕಲಿಗ ಸಮುದಾಯದ ಈ ಹೆಣ್ಣುಮಗಳು ಶಾಲೆಗೆ ಹೋದವರಲ್ಲ. ಅರಣ್ಯ ಇಲಾಖೆಯ ಅಗಸೂರು ನರ್ಸರಿಯಲ್ಲಿ ದಶಕಗಟ್ಟಲೆ ದುಡಿದರು. ಯಾವುದು ತಾಯಿಮರ, ಅದರ ಬೀಜ ಯಾವಾಗ ಬಲಿಯುತ್ತದೆ, ಎಂದು ಆರಿಸಬೇಕು ಎಂಬುದು ಅವರಿಗೆ ಬಾಯಿಪಾಠ. ಕೆಲವು ಕಾಡುಮರಗಳ ಬೀಜ ಉದುರಿದ ಕೆಲವೇ ದಿನಗಳಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ; ಅಲ್ಲಿ ಒಂದು ವಾರ ತಪ್ಪಿದರೆ ಒಂದು ವರ್ಷ ತಪ್ಪಿದಂತೆ. 2020ನೇ ಸಾಲಿನ ಪದ್ಮಶ್ರೀಯನ್ನು ಬರಿಗಾಲಲ್ಲಿ ಹೋಗಿ ಸ್ವೀಕರಿಸಿದ ಅವರು 2024ರ ಡಿಸೆಂಬರ್ 16ರಂದು ತೀರಿಕೊಂಡರು. ಅಂಥ ನೆನಪು ಎಲ್ಲರಿಗೂ ಇರುವುದಿಲ್ಲ. ನಾವು ಬರೆದುಕೊಳ್ಳಬೇಕು.

ಅವರ ರೀತಿಯನ್ನು ಮನೆಯಂಗಳಕ್ಕೂ ಇಳಿಸಬಹುದು. ಮಾರ್ಚ್‌ನಲ್ಲಿ ಚೆನ್ನಾಗಿ ಹೂ ಬಿಟ್ಟ, ಕೀಟ ಮುಟ್ಟದ ಗಿಡಕ್ಕೆ ಒಂದು ಬಣ್ಣದ ದಾರ ಕಟ್ಟಿ. ಜೂನ್‌ನಲ್ಲಿ ಎಲ್ಲ ಗಿಡವೂ ಒಂದೇ ಹಸಿರು. ಆಗ ಕಡ್ಡಿ ಮುರಿಯಬೇಕಾದದ್ದು ದಾರ ಇರುವ ಗಿಡದಿಂದ. ದಾಸವಾಳ, ಮಲ್ಲಿಗೆ, ನಂದಿಬಟ್ಟಲಿನ ಕಡ್ಡಿ ಮಳೆಗಾಲದಲ್ಲಿ ಸುಲಭವಾಗಿ ಹತ್ತುವುದಕ್ಕೆ ಕಾರಣ ಮಣ್ಣಿನ ತೇವವೊಂದೇ ಅಲ್ಲ. ಬೇರಿಲ್ಲದ ಕಡ್ಡಿ ನೀರು ಕುಡಿಯಲಾರದು, ಆದರೆ ಎಲೆಯಿಂದ ಆವಿ ಹೋಗುತ್ತಲೇ ಇರುತ್ತದೆ. ಗಾಳಿಯೇ ತೇವದಿಂದ ತುಂಬಿರುವಾಗ ಆ ನಷ್ಟ ತಗ್ಗಿ, ಬೇರು ಬಿಡುವಷ್ಟು ದಿನ ಕಡ್ಡಿ ಹಸಿಯಾಗಿ ಉಳಿಯುತ್ತದೆ. ಮೃಗಶಿರ, ಆರಿದ್ರ ಮಳೆಗಳಲ್ಲಿ ಏರಿ ಮಾಡಿ ಊರಬೇಕು, ಗುಂಡಿಯಲ್ಲಿ ನೀರು ನಿಲ್ಲಬಾರದು. ಜುಲೈನಲ್ಲಿ ಗೊಬ್ಬರ ಹಾಕುವುದು ಹೊಳೆಗೆ ಹಾಕಿದಂತೆಯೇ. ಸುರಿಯುವ ಮಳೆ ಸಾರಜನಕವನ್ನು ತೊಳೆದೊಯ್ಯುತ್ತದೆ. ಬೀಜದಿಂದ ಬರುವ ಗೊಂಡೆಯನ್ನು ಆರ್ಭಟ ಇಳಿಯುವ ಆಶ್ಲೇಷದವರೆಗೆ ತಡೆದರೆ ದೀಪಾವಳಿಯ ಹೊತ್ತಿಗೆ ಹೂ ಸಿಗುತ್ತದೆ.

ಇನ್ನು ಬರೆಯುವ ಬಗೆ. ಇಲ್ಲೊಂದು ತೊಡಕಿದೆ. ‘ಯುಗಾದಿಗೆ ಮೊದಲು ಹೂ ಬಿಟ್ಟಿತ್ತು’ ಎಂಬ ಲೆಕ್ಕ ನಡೆಯುವುದಿಲ್ಲ. ಯುಗಾದಿ 2023ರಲ್ಲಿ ಮಾರ್ಚ್ 22ಕ್ಕೆ ಬಂತು, 2024ರಲ್ಲಿ ಏಪ್ರಿಲ್ 9ಕ್ಕೆ. ಎರಡೂ ವರ್ಷ ಮಾರ್ಚ್ 10ಕ್ಕೇ ಅರಳಿದ ಮರ ಒಮ್ಮೆ ಹಬ್ಬಕ್ಕೆ 12 ದಿನ ಮೊದಲು, ಇನ್ನೊಮ್ಮೆ 30 ದಿನ ಮೊದಲು ಅರಳಿದಂತೆ ಕಾಣುತ್ತದೆ. ಚಾಂದ್ರಮಾನ ಹಬ್ಬಕ್ಕೆ ಒಳ್ಳೆಯದು, ಹೂವಿಗಲ್ಲ. ನಮ್ಮ ರೈತರು ಮಳೆಯನ್ನು ಸೂರ್ಯ ನಡೆಯುವ ನಕ್ಷತ್ರಗಳಿಂದ ಎಣಿಸಿದ್ದು ಜಾಣತನ. ಮೃಗಶಿರ ಪ್ರತಿವರ್ಷ ಜೂನ್ 8ರ ಸುಮಾರಿಗೇ ಬರುತ್ತದೆ. ಆದರೆ ಮಳೆ ಹಾಗೆ ಬರಬೇಕೆಂದಿಲ್ಲ. 2023ರಲ್ಲಿ ಮುಂಗಾರು ಕೇರಳ ಮುಟ್ಟಿದ್ದು ಜೂನ್ 8ಕ್ಕೆ, 2025ರಲ್ಲಿ ಮೇ 24ಕ್ಕೆ. ಎರಡು ವಾರದ ಈ ಏರುಪೇರಿನಲ್ಲಿ ಯಾವ ಗಿಡ ಪಂಚಾಂಗದಂತೆ ನಡೆಯಿತು, ಯಾವುದು ಮಳೆಯಂತೆ ನಡೆಯಿತು ಎಂದು ತಿಳಿಯುವುದು ತಾರೀಕು ಬರೆದವರಿಗೆ ಮಾತ್ರ.

ಇಂಥ ಬರಹಕ್ಕೆ ದೊಡ್ಡ ವಂಶವಿದೆ. ಇಂಗ್ಲೆಂಡಿನ ನಾರ್ಫೋಕಿನಲ್ಲಿ ರಾಬರ್ಟ್ ಮಾರ್ಷಮ್ 1736ರಲ್ಲಿ ಶುರು ಮಾಡಿದ ಹೂವು, ಹಕ್ಕಿ, ಚಿಗುರಿನ ದಾಖಲೆಯನ್ನು ಅವನ ಮನೆತನದವರು 1958ರವರೆಗೆ ಮುಂದುವರಿಸಿದರು. ಜಪಾನಿನ ಕ್ಯೋಟೊದಲ್ಲಿ ಒಂಬತ್ತನೇ ಶತಮಾನದಿಂದ ಹಳೆಯ ದಿನಚರಿಗಳಲ್ಲಿ ಚೆರ್ರಿ ಹೂವಿನ ದಿನ ಸಿಗುತ್ತದೆ. 2021ರಲ್ಲಿ ಅದು ಮಾರ್ಚ್ 26ಕ್ಕೇ ಪೂರ್ತಿ ಅರಳಿದಾಗ, ಹನ್ನೆರಡು ಶತಮಾನಗಳಲ್ಲಿ ಅಷ್ಟು ಬೇಗ ಅರಳಿರಲಿಲ್ಲವೆಂದು ಹೇಳಲು ಆದದ್ದು ಆ ದಿನಚರಿಗಳಿಂದ. ನಮ್ಮಲ್ಲಿ ಮೈಸೂರು ಮೂಲದ ನೇಚರ್ ಕನ್ಸರ್ವೇಶನ್ ಫೌಂಡೇಶನ್ ನಡೆಸುವ ಸೀಸನ್‌ವಾಚ್ ಇದೆ. ಅದರಲ್ಲಿ ಕೇರಳದ ಶಾಲಾ ಮಕ್ಕಳದೇ ದೊಡ್ಡ ಪಾಲು. ವಿಷುವಿಗೆ ಅರಳಬೇಕಾದ ಕಕ್ಕೆ ಎಷ್ಟು ಬೇಗ ಅರಳುತ್ತಿದೆ ಎಂದು ಅವರು ನೋಡುತ್ತಿದ್ದಾರೆ. ಒಂದು ಮರ ಆರಿಸಿಕೊಂಡು, ವಾರಕ್ಕೊಮ್ಮೆ ಚಿಗುರು, ಹೂ, ಕಾಯಿ ಇಲ್ಲವೋ, ಸ್ವಲ್ಪವೋ, ತುಂಬವೋ ಎಂದು ಗುರುತು ಹಾಕಿದರೆ ಕೆಲಸ ಮುಗಿಯಿತು.

ಮನೆಯ ಪುಸ್ತಕದಲ್ಲಿ ಇನ್ನೆರಡು ಸಂಗತಿ ಸೇರಿಸಿ: ಆ ಗಿಡಕ್ಕೆ ನೀವು ನೀರು ಹಾಕುತ್ತೀರೋ ಇಲ್ಲವೋ, ರಾತ್ರಿ ಅದರ ಮೇಲೆ ದೀಪ ಬೀಳುತ್ತದೋ ಇಲ್ಲವೋ. ಇವಿಲ್ಲದೆ ತಾರೀಕುಗಳನ್ನು ಹೋಲಿಸಲಾಗದು. ಹೂ ಬಿಡದ ವರ್ಷವನ್ನೂ ಬಿಡದೆ ಬರೆಯಿರಿ. ಕಾರವಾರ, ಅಂಕೋಲೆಯ ಹಿತ್ತಿಲುಗಳಿಂದ ಸುರಗಿ ಮತ್ತು ಅಬ್ಬಲಿಗೆಯ ಹತ್ತು ವರ್ಷದ ತಾರೀಕುಗಳು ಒಟ್ಟಾದರೆ ಯಾವ ಸಂಶೋಧಕರೂ ಅದನ್ನು ಬೇಡವೆನ್ನಲಾರರು. ಬರುವ ಫೆಬ್ರವರಿಯಿಂದಲೇ ಶುರು ಮಾಡಿ.