ದೃಷ್ಟಿಯ ನೆಲೆಯೂ ಕಣ್ಣಿನ ಬೆಳವಣಿಗೆಯೂ

ಚಳ್ಳಕೆರೆ ಸೀಮೆಯ ಬಯಲಿನಲ್ಲಿ ಕುರಿ ಕಾಯುವವನ ದೃಷ್ಟಿ ದಿನವೆಲ್ಲ ದೂರದ ಮೇಲೆ ನೆಲೆಸಿರುತ್ತದೆ. ಮೊಳಕಾಲ್ಮೂರಿನ ಕುಣಿಮಗ್ಗದಲ್ಲಿ ರೇಷ್ಮೆ ನೇಯುವವನ ದೃಷ್ಟಿ ಒಂದೆರಡು ಮೊಳದಾಚೆಗೆ ಹೋಗುವುದು ಅಪರೂಪ. ಇಂದು ಶಾಲೆಗೆ ಬರುವ ಮಗುವಾದರೋ, ಯಾವ ಕಾಯಕದ ಮನೆಯದಾಗಿದ್ದರೂ, ಪುಸ್ತಕ ಮತ್ತು ಮೊಬೈಲುಗಳ ಮೇಲೆ ನೇಕಾರನಂತೆಯೇ ಸಮೀಪದಲ್ಲಿ ಕಣ್ಣು ನೆಟ್ಟು ಕುಳಿತಿರುತ್ತದೆ. ನೇಕಾರನ ಕಣ್ಣು ಬೆಳೆದು ನಿಂತದ್ದು. ಮಗುವಿನ ಕಣ್ಣು ಇನ್ನೂ ಬೆಳೆಯುತ್ತಿರುವಂಥದು. ಈ ವ್ಯತ್ಯಾಸದ ಮಹತ್ವವನ್ನು ಶಿಕ್ಷಕರೂ ಪೋಷಕರೂ ಅರಿಯುವುದು ಅವಶ್ಯಕ.

ಹುಟ್ಟಿದ ಶಿಶುವಿನ ಕಣ್ಣುಗುಡ್ಡೆ ಮುಂದಿನಿಂದ ಹಿಂದಕ್ಕೆ ಸುಮಾರು 17 ಮಿಲಿಮೀಟರ್ ಉದ್ದವಿರುತ್ತದೆ. ವಯಸ್ಕರಲ್ಲಿ ಅದು ಸುಮಾರು 24 ಮಿಲಿಮೀಟರ್. ಬೆಳಕಿನ ಕಿರಣಗಳು ಕಣ್ಣಿನ ಹಿಂಭಾಗದ ಅಕ್ಷಿಪಟದ ಮೇಲೆಯೇ ಕೂಡಿದರೆ ಬಿಂಬ ಸ್ಪಷ್ಟ. ಗುಡ್ಡೆ ಅಗತ್ಯಕ್ಕಿಂತ ಉದ್ದವಾಗಿ ಬೆಳೆದರೆ ಕಿರಣಗಳು ಅಕ್ಷಿಪಟಕ್ಕೆ ಮೊದಲೇ ಕೂಡಿ, ದೂರದ ವಸ್ತು ಮಸುಕಾಗುತ್ತದೆ. ಇದೇ ಸಮೀಪದೃಷ್ಟಿ. ಒಂದು ಮಿಲಿಮೀಟರ್ ಹೆಚ್ಚಾದರೂ ಸುಮಾರು ಎರಡೂವರೆಯಿಂದ ಮೂರು ಡಯಾಪ್ಟರಿನ ಕನ್ನಡಕ ಬೇಕಾಗುತ್ತದೆ.

ಎಷ್ಟು ಬೆಳೆಯಬೇಕೆಂಬುದನ್ನು ಕಣ್ಣು ಅರಿಯುವುದು ಹೇಗೆ? 1977ರಲ್ಲಿ ವೀಸೆಲ್ ಮತ್ತು ರವಿಯೋಲಾ ಎಂಬ ವಿಜ್ಞಾನಿಗಳು, ರೆಪ್ಪೆ ಮುಚ್ಚಿ ಹೊಲಿದ ಮರಿಕೋತಿಗಳ ಕಣ್ಣು ಅತಿಯಾಗಿ ಉದ್ದವಾಗುವುದನ್ನು ತೋರಿಸಿದರು. 1988ರಲ್ಲಿ ಶೆಫೆಲ್ ಮತ್ತು ಸಂಗಡಿಗರು ಕೋಳಿಮರಿಗಳ ಕಣ್ಣಿಗೆ ಮಸೂರಗಳನ್ನಿಟ್ಟರು. ಬಿಂಬವನ್ನು ಅಕ್ಷಿಪಟದ ಹಿಂದಕ್ಕೆ ತಳ್ಳುವ ನಿಮ್ನ ಮಸೂರವಿಟ್ಟಾಗ ಗುಡ್ಡೆ ಬೇಗನೆ ಉದ್ದವಾಯಿತು. ಮುಂದಕ್ಕೆಳೆಯುವ ಪೀನ ಮಸೂರವಿಟ್ಟಾಗ ಬೆಳವಣಿಗೆ ನಿಧಾನವಾಯಿತು. ಮಿದುಳಿಗೆ ಹೋಗುವ ದೃಷ್ಟಿನರವನ್ನು ಕತ್ತರಿಸಿದ ಮರಿಗಳಲ್ಲಿಯೂ ಬಿಂಬ ಕೆಟ್ಟಾಗ ಕಣ್ಣು ಉದ್ದವಾಯಿತು. ಅಂದರೆ ಬಿಂಬ ಎಲ್ಲಿ ಬಿದ್ದಿತೆಂಬುದನ್ನು ಅಕ್ಷಿಪಟವೇ ಗ್ರಹಿಸಿ, ಬೆಳವಣಿಗೆಗೆ ಸೂಚನೆ ಕೊಡುತ್ತದೆ.

ಸಮೀಪದ ಓದಿನಲ್ಲಿ ಕಣ್ಣಿನ ಮಸೂರ ಸಾಕಷ್ಟು ಉಬ್ಬದಿದ್ದರೆ ಬಿಂಬ ಅಕ್ಷಿಪಟದ ತುಸು ಹಿಂದೆ ಬೀಳುತ್ತದೆ. ದೀರ್ಘಕಾಲ ಹೀಗಾದರೆ ಕಣ್ಣು ಉದ್ದವಾಗಬಹುದೆಂಬುದು ಒಂದು ವಾದ. ಇದಿನ್ನೂ ಪೂರ್ಣವಾಗಿ ಸಿದ್ಧಪಟ್ಟಿಲ್ಲ. ವಂಶಗುಣದ ಪಾತ್ರವೂ ಉಂಟು. ಆದರೆ ಬಯಲಿನ ಬೆಳಕು ರಕ್ಷಕವೆಂಬುದಕ್ಕೆ ಬಲವಾದ ಆಧಾರವಿದೆ. ಚೀನಾದ ಗುವಾಂಗ್‌ಝೌ ನಗರದ ಶಾಲೆಗಳಲ್ಲಿ ಒಂದನೆಯ ತರಗತಿಯ ಮಕ್ಕಳನ್ನು ದಿನಕ್ಕೆ 40 ನಿಮಿಷ ಹೆಚ್ಚಾಗಿ ಹೊರಗೆ ಬಿಡಲಾಯಿತು. 2015ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮೂರು ವರ್ಷಗಳಲ್ಲಿ ಅವರಲ್ಲಿ ಶೇಕಡ 30.4 ಮಂದಿಗೆ ಸಮೀಪದೃಷ್ಟಿ ಬಂದಿತು. ಉಳಿದ ಶಾಲೆಗಳಲ್ಲಿ ಶೇಕಡ 39.5 ಮಂದಿಗೆ. ಪ್ರಖರ ಬೆಳಕಿನಲ್ಲಿ ಅಕ್ಷಿಪಟ ಸ್ರವಿಸುವ ಡೋಪಮಿನ್ ಎಂಬ ದ್ರವ್ಯ ಬೆಳವಣಿಗೆಗೆ ಕಡಿವಾಣ ಹಾಕುವುದೆಂದು ತಜ್ಞರು ಭಾವಿಸುತ್ತಾರೆ. ತರಗತಿಯ ಬೆಳಕು ಸಾಮಾನ್ಯವಾಗಿ ಕೆಲವು ನೂರು ಲಕ್ಸ್. ಹೊರಗೆ ಮರದ ನೆರಳಿನಲ್ಲಿಯೂ ಅದು ಹಲವು ಸಾವಿರಕ್ಕೇರುತ್ತದೆ. ಆದ್ದರಿಂದ ನಮ್ಮ ಸುಡುಬಿಸಿಲಿಗೆ ಮಕ್ಕಳನ್ನು ಒಡ್ಡಬೇಕಾಗಿಲ್ಲ. ಹೊಂಗೆ, ಬೇವುಗಳ ನೆರಳೇ ಸಾಕು.

ಉದ್ದವಾದ ಕಣ್ಣು ಮರಳಿ ಗಿಡ್ಡವಾಗದು. ದೋಷ ಮಿತಿಮೀರಿದರೆ ಅಕ್ಷಿಪಟ ತೆಳುವಾಗಿ ಹರಿಯುವ, ಕಳಚಿಕೊಳ್ಳುವ ಅಪಾಯವೂ ಹೆಚ್ಚುತ್ತದೆ. ಕನ್ನಡಕ ಹಾಕಿದರೆ ಕಣ್ಣು ಇನ್ನಷ್ಟು ಕೆಡುವುದೆಂಬ ಅಂಜಿಕೆ ಸಲ್ಲದು. ಬೇಕಾದುದಕ್ಕಿಂತ ಕಡಿಮೆ ಶಕ್ತಿಯ ಕನ್ನಡಕದಿಂದ ದೋಷ ನಿಲ್ಲುವುದೆಂಬ ನಂಬಿಕೆಯೂ ತಪ್ಪು. 2002ರಲ್ಲಿ ಪ್ರಕಟವಾದ ಮಲೇಷ್ಯಾದ ಪರೀಕ್ಷೆಯೊಂದರಲ್ಲಿ ಅಂಥ ಮಕ್ಕಳ ದೋಷವೇ ಹೆಚ್ಚು ಬೆಳೆಯಿತು. ಹೆಣ್ಣುಮಗಳಿಗೆ ಕನ್ನಡಕವಾದರೆ ಸಂಬಂಧ ಕೂಡಿಬರುವುದಿಲ್ಲವೆಂದು ಪರೀಕ್ಷೆಯನ್ನೇ ತಪ್ಪಿಸುವುದಂತೂ ಅವಳ ವಿದ್ಯೆಗೆ ಬಗೆಯುವ ದ್ರೋಹ.

ಕರಿಹಲಗೆ ಕಾಣದ ಮಗು ತನಗೆ ಕಾಣುವುದಿಲ್ಲವೆಂದು ಹೇಳುವುದಿಲ್ಲ; ಎಲ್ಲರಿಗೂ ಹಾಗೆಯೇ ಕಾಣುವುದೆಂದು ತಿಳಿದಿರುತ್ತದೆ. ಕಣ್ಣು ಕಿರಿದು ಮಾಡಿ ನೋಡುವ, ಪಕ್ಕದವರ ಪುಸ್ತಕದಿಂದ ಬರೆದುಕೊಳ್ಳುವ ಮಗುವನ್ನು ದಡ್ಡನೆಂದು ಹಿಂದಿನ ಸಾಲಿಗೆ ಕಳುಹಿಸುವ ಮೊದಲು ಶಿಕ್ಷಕ ಬಂಧುಗಳು ಒಮ್ಮೆ ಯೋಚಿಸಬೇಕು. ಆಟದ ಅವಧಿಯನ್ನು ಗಣಿತಕ್ಕೆಂದು ಕಸಿಯದಿರಲಿ. ವರ್ಷಕ್ಕೊಮ್ಮೆ ಪ್ರತಿ ಮಗುವಿನ ಕಣ್ಣಿನ ಪರೀಕ್ಷೆ ನಡೆಯಲಿ. ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಬಡಮಕ್ಕಳ ಕನ್ನಡಕದ ವೆಚ್ಚವನ್ನು ವಹಿಸಿಕೊಳ್ಳಲಿ. ಅನ್ನ, ಅಕ್ಷರಗಳ ದಾಸೋಹ ನಡೆಯುವ ಮಠದ ಅಂಗಳದಲ್ಲಿ ಅಕ್ಷರ ಕಾಣುವ ಕಣ್ಣನ್ನು ಕಾಯುವುದೂ ದಾಸೋಹವೇ ಸರಿ.