ಹೆಸರು, ಊರು, ಆಮೇಲೆ ಅಂಕ

ಬೆಳಗಿನ ಎಂಟಕ್ಕೆಲ್ಲ ಹಾವೇರಿಯ ಹೊಸಮನಿ ಸಿದ್ದಪ್ಪ ಜಿಲ್ಲಾ ಕ್ರೀಡಾಂಗಣದ ಮುಂದೆ ಬಸ್ಸು, ಟೆಂಪೊ, ಟಂಟಂಗಳಿಂದ ಮಕ್ಕಳು ಇಳಿಯುತ್ತಿದ್ದಾರೆ. ರಾಣೆಬೆನ್ನೂರಿನವರು ಹೆದ್ದಾರಿ ಹಿಡಿದು ಸೀದಾ ಬಂದಿದ್ದಾರೆ. ಬ್ಯಾಡಗಿಯವರು ಮೋಟೆಬೆನ್ನೂರಿಗೆ ಬಂದು ಅದೇ ಹೆದ್ದಾರಿ ಸೇರಿದ್ದಾರೆ. ಪ್ರೌಢಶಾಲೆಗಳ ಜಿಲ್ಲಾ ಮಟ್ಟದ ಕಬಡ್ಡಿ. ರಾತ್ರಿ ಬಿದ್ದ ಮಳೆಗೆ ಮಣ್ಣಿನ ಅಂಕಣ ಹದವಾಗಿದೆ. ಅಳಿಸಿದ ಗೆರೆಗಳ ಮೇಲೆ ಮಾಸ್ತರರೊಬ್ಬರು ಮತ್ತೆ ಸುಣ್ಣದ ಪುಡಿ ಉದುರಿಸುತ್ತಿದ್ದಾರೆ. ಸೌಂಡ್ ಸಿಸ್ಟಮ್ ಹುಡುಗ ಮೈಕಿಗೆ ಎರಡು ಬಾರಿ ಊದಿ ನನ್ನ ಕೈಗೆ ಕೊಡುತ್ತಾನೆ. ಸಂಜೆಯವರೆಗೂ ಇದು ಕೈಬಿಡುವ ಹಾಗಿಲ್ಲ.

ಆದರೆ ವೀಕ್ಷಕ ವಿವರಣೆಯ ಕೆಲಸ ಮೈಕ್ ಹಿಡಿಯುವ ಮೊದಲೇ ಶುರುವಾಗುತ್ತದೆ. ಪ್ರತಿ ತಂಡಕ್ಕೂ ಹನ್ನೆರಡು ಮಂದಿ, ಅಂಕಣದೊಳಗೆ ಏಳು, ಹೊರಗೆ ಐದು. ಕೈಬರಹದ ಆ ಪಟ್ಟಿಯಲ್ಲಿ ಅಂಗಿಯ ನಂಬರು, ಹೆಸರು, ಶಾಲೆ ಇರುತ್ತವೆ, ಊರು ಇರುವುದಿಲ್ಲ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರನ್ನೇ ಕೇಳುತ್ತ ಹೋಗುತ್ತೇನೆ. ಬ್ಯಾಡಗಿ ತಂಡದ ನಾಲ್ಕನೇ ನಂಬರಿನ ಹುಡುಗಿ ಪಟ್ಟಿಯೊಳಗೆ ಇಣುಕಿ ನೋಡಿ, "ಸರ, ಸಾಲಿ ಹೆಸರು ಹೇಳಿದ್ರ ಯಾರಿಗೂ ತಿಳಿಯಂಗಿಲ್ರಿ. ಕದರಮಂಡಲಗಿ ಅನ್ರಿ" ಎನ್ನುತ್ತಾಳೆ. ಹೆಸರಿನ ಪಕ್ಕ ಊರನ್ನೂ ಬರೆದುಕೊಳ್ಳುತ್ತೇನೆ. ಶಿಡೇನೂರು, ಕಾಗಿನೆಲೆ, ಹಲಗೇರಿ, ಮೆಡ್ಲೇರಿ, ತುಮ್ಮಿನಕಟ್ಟಿ, ಗುತ್ತಲ, ಕರ್ಜಗಿ. ಪಟ್ಟಿಯ ಅಂಚು ತುಂಬುವ ಹೊತ್ತಿಗೆ ಅರ್ಧ ಜಿಲ್ಲೆ ನನ್ನ ಕೈಯಲ್ಲಿರುತ್ತದೆ.

ಸೀಟಿ ಬಿತ್ತು. ಕಬಡ್ಡಿಯಲ್ಲಿ ಒಂದು ರೈಡಿಗೆ 30 ಸೆಕೆಂಡು. ನನ್ನ ಮಾತೂ ಅಷ್ಟರೊಳಗೇ ಮುಗಿಯಬೇಕು. ರೇಡಿಯೊದವರು ಆಟ ಕಾಣದವರಿಗೆ ಹೇಳುತ್ತಾರೆ, ಇಲ್ಲಿ ಆಟ ಎಲ್ಲರ ಕಣ್ಣೆದುರೇ ಇದೆ. ಆದರೂ ದೂರದ ಮೆಟ್ಟಿಲ ಮೇಲೆ ಕೂತವರಿಗೆ ಬೋನಸ್ ಗೆರೆ ಕಾಣುವುದಿಲ್ಲ. ಒಂದು ಪಾದ ಗೆರೆ ದಾಟಿದಾಗ ಇನ್ನೊಂದು ನೆಲ ಬಿಟ್ಟಿತ್ತೇ ಎಂಬುದಂತೂ ಕಾಣುವುದೇ ಇಲ್ಲ. 2014ರಲ್ಲಿ ಪ್ರೊ ಕಬಡ್ಡಿ ಬಂದ ಮೇಲೆ ಮಕ್ಕಳೂ ಹಿರಿಯರೂ ಟಿವಿಯಲ್ಲಿ ನಿಧಾನಗತಿಯ ಮರುದೃಶ್ಯ ನೋಡಿ ರೂಢಿಯಾಗಿದ್ದಾರೆ. ಇಲ್ಲಿ ಅದಿಲ್ಲ. ಅಂಕ ಯಾಕೆ ಬಂತು, ಯಾಕೆ ಬರಲಿಲ್ಲ ಎಂದು ಮೈಕೇ ಬಿಡಿಸಿ ಹೇಳಬೇಕು. ಹಾಗೆಂದು ರೆಫ್ರಿಗಿಂತ ಮೊದಲು ಬಾಯಿ ಬಿಡಬಾರದು. ಅವರ ಕೈ ಎತ್ತ ಏಳುತ್ತದೋ ಅತ್ತಲೇ ನನ್ನ ಮಾತು.

ಮಧ್ಯಾಹ್ನ ಬಿಸಿಲು ಚುರುಗುಟ್ಟುತ್ತದೆ. ಗೇಟಿನ ಬಳಿಯ ಗಾಡಿಯಲ್ಲಿ ಗಿರಮಿಟ್, ಮಿರ್ಚಿ ಬಿಸಿಯಾಗಿವೆ. ಗಂಟಲು ಕಾಯಬೇಕಾದವನಿಗೆ ಬಿಸಿನೀರು, ಕಲ್ಲುಸಕ್ಕರೆ. ಎರಡು ಅವಧಿಗಳ ನಡುವಿನ ಐದು ನಿಮಿಷವನ್ನು ನಾನು ಖಾಲಿ ಬಿಡುವುದಿಲ್ಲ. 1990ರ ಬೀಜಿಂಗ್ ಏಷ್ಯನ್ ಗೇಮ್ಸ್‌ನಲ್ಲಿ ಕಬಡ್ಡಿಗೆ ಪದಕ ಸಿಕ್ಕಿತು, ಹೆಣ್ಣುಮಕ್ಕಳು 2010ರ ಗುವಾಂಗ್‌ಝೌವರೆಗೆ ಕಾಯಬೇಕಾಯಿತು ಎಂದು ಹೇಳುತ್ತೇನೆ. 2014ರಲ್ಲಿ ಇಂಚೆಯಾನ್‌ನಲ್ಲಿ ಚಿನ್ನ ಗೆದ್ದ ಮಹಿಳಾ ತಂಡದ ನಾಯಕಿ ನಮ್ಮ ಕರ್ನಾಟಕದ ತೇಜಸ್ವಿನಿ ಬಾಯಿ ಎಂದಾಗ, ಮೊಣಕಾಲಿನ ಮಣ್ಣು ಕೊಡವಿಕೊಳ್ಳುತ್ತಿದ್ದ ಹುಡುಗಿಯರು ತಲೆ ಎತ್ತುತ್ತಾರೆ.

ಹುಡುಗಿಯರ ಸೆಮಿಫೈನಲ್, ರಾಣೆಬೆನ್ನೂರು ಮತ್ತು ಬ್ಯಾಡಗಿ. ಹುಡುಗರ ಪಂದ್ಯ ನೋಡಲು ಬಂದವರೂ ಇತ್ತ ತಿರುಗಿದ್ದಾರೆ. ಕೊನೆಯ ನಿಮಿಷ, ರಾಣೆಬೆನ್ನೂರು ಎರಡು ಅಂಕ ಮುಂದೆ. ಬ್ಯಾಡಗಿಯ ನಾಲ್ಕನೇ ನಂಬರು ಮಧ್ಯದ ಗೆರೆ ಮುಟ್ಟಿ ಒಳಗೆ ಹೋದಳು. ಎದುರಿಗೆ ಆರು ಮಂದಿ, ಅಂದರೆ ಬೋನಸ್ ಉಂಟು. ಬಲಗಾಲನ್ನು ಗೆರೆಯಾಚೆ ಇಟ್ಟು, ಎಡಗಾಲನ್ನು ಮೇಲೆತ್ತಿ, ತಿರುಗುವಾಗ ಮೂಲೆಯ ಆಟಗಾರ್ತಿಯ ಭುಜಕ್ಕೆ ಬೆರಳು ತಾಗಿಸಿ ಬಂದಳು. ಎರಡು ಅಂಕ, ಸಮಬಲ! ಅವಳ ಹೆಸರನ್ನೂ ಕದರಮಂಡಲಗಿಯನ್ನೂ ಒಂದೇ ಉಸಿರಿಗೆ ಹೇಳಿದೆ. ಈಗ ಕೊನೆಯ ರೈಡ್. ರಾಣೆಬೆನ್ನೂರಿನ ಒಂಬತ್ತನೇ ನಂಬರು, ತುಮ್ಮಿನಕಟ್ಟಿಯ ಹುಡುಗಿ. ಎಡಮೂಲೆಯಲ್ಲಿ ಬಗ್ಗಿ ಕೂತಿದ್ದವಳು ಅವಳ ಹಿಮ್ಮಡಿಗೆ ಕೈ ಹಾಕಿದಳು, ಉಳಿದವರು ಮೇಲೆ ಬಿದ್ದರು. ಮಧ್ಯದ ಗೆರೆಗೂ ಚಾಚಿದ ಬೆರಳಿಗೂ ಗೇಣು ದೂರ.

ಮೈಕ್ ಹಿಡಿದವನಿಗೆ ಅತ್ಯಂತ ಕಷ್ಟದ ಹೊತ್ತು ಇದು. ಗೆದ್ದವರ ಬಗ್ಗೆ ಹೇಳಲು ಮಾತು ತಾನಾಗಿ ಬರುತ್ತದೆ. ಮಣ್ಣಿನಲ್ಲಿ ಕೂತ ಹುಡುಗಿಗೆ ಹದಿನೈದೋ ಹದಿನಾರೋ ವಯಸ್ಸು. ಮೊದಲು ಹಿಡಿದವಳ ಹೆಸರು ಹೇಳಿದೆ. ಆಮೇಲೆ ಅಂಕಪಟ್ಟಿ ನೋಡಿ, ಈ ಪಂದ್ಯದಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ತಂದವಳು ತುಮ್ಮಿನಕಟ್ಟಿಯ ಈ ಒಂಬತ್ತನೇ ನಂಬರಿನ ಆಟಗಾರ್ತಿ, 11 ಅಂಕ ಎಂದು ಓದಿದೆ. ಚಪ್ಪಾಳೆ ಎರಡೂ ಬದಿಯಿಂದ ಬಂತು. ಅವಳನ್ನು ಕೈ ಹಿಡಿದು ಎಬ್ಬಿಸಿದ್ದು ಹಿಮ್ಮಡಿ ಹಿಡಿದವಳೇ.

ದೀಪಾವಳಿ ಕಳೆದ ಮೇಲೆ ನಮ್ಮ ಜಿಲ್ಲೆಯ ಹೋರಿ ಬೆದರಿಸುವ ಸ್ಪರ್ಧೆ ನೋಡಿದವರಿಗೆ ಗೊತ್ತು, ಕೊಬ್ಬರಿ ಹಾರ ಕಟ್ಟಿಕೊಂಡು ಬರುವ ಹೋರಿಗೂ ಹೆಸರುಂಟು, ಊರುಂಟು. ಅವೆರಡೂ ಮೈಕಿನಲ್ಲಿ ಮೊಳಗಿದ ಕೂಡಲೇ ಆ ಊರಿನವರೆಲ್ಲ ಎದೆಯುಬ್ಬಿಸಿ ನಿಲ್ಲುತ್ತಾರೆ. ಹೋರಿಗೆ ಇಷ್ಟು ಮರ್ಯಾದೆ ಕೊಡುವ ನೆಲದಲ್ಲಿ ಕಬಡ್ಡಿ ಆಡುವ ಹುಡುಗಿ ಬರೀ ನಂಬರಾಗಿ ಉಳಿಯಬಾರದು. ಈ ಮಕ್ಕಳಲ್ಲಿ ಎಷ್ಟೋ ಮಂದಿಯ ಹೆಸರು ಶಾಲೆಯ ಹಾಜರಿ ಬಿಟ್ಟರೆ ಬೇರೆಲ್ಲೂ ಗಟ್ಟಿಯಾಗಿ ಕೇಳಿಸಿರುವುದಿಲ್ಲ.

ಸಂಜೆ ಬಹುಮಾನ ಹಂಚುವಾಗ ಗಂಟಲು ಒಡೆದಿದೆ. ಗೆದ್ದ ತಂಡ ವಿಭಾಗ ಮಟ್ಟಕ್ಕೆ ಹೋಗುತ್ತದೆ, ಮುಂದೆ ಅವರ ಹೆಸರು ಹೇಳಲು ಬೇರೆಯವರಿದ್ದಾರೆ. ಸೋತವರ ಈ ವರ್ಷದ ಆಟ ಇಲ್ಲಿಗೇ ಮುಗಿಯಿತು. ಅದಕ್ಕೇ ಮೈಕ್ ಹಿಡಿಯುವ ಪ್ರತಿ ಪಿ.ಟಿ. ಮಾಸ್ತರರಲ್ಲೂ ನನ್ನದೊಂದು ಕೇಳಿಕೆ: ಪಂದ್ಯಕ್ಕೆ ಹತ್ತು ನಿಮಿಷ ಮೊದಲೇ ಹೋಗಿ ಹೆಸರು ಕೇಳಿರಿ, ಊರು ಕೇಳಿರಿ. ಸೋತ ತಂಡದ ಪಟ್ಟಿಯನ್ನೂ, ಹೊರಗೆ ಕೂತ ಐವರನ್ನೂ ಸೇರಿಸಿ, ಪೂರ್ತಿ ಓದಿರಿ.